ಎಸೆಯುವವನ ಮುಂದೆ ನಿಲ್ಲುವವರು

ಹೋದ ವರ್ಷ ನಮ್ಮ ಕನ್ನಡಿಗರ ಪಿಕ್ನಿಕ್ಕಿನಲ್ಲಿ ಅಮೆರಿಕನ್ ಫುಟ್‌ಬಾಲಿಗೆ ತಂಡ ಆರಿಸುವಾಗ, ನಾಯಕನಾಗಿದ್ದ ಗೆಳೆಯ ನನ್ನ ಹೊಟ್ಟೆ ನೋಡಿ, "ನೀನು ಓಡೋದು ಡೌಟು ಗುರು, ಜ್ಯೂಸಿಟ್ಟ ಕೂಲರ್ ಹತ್ರ ಕೂತು ಸಮೋಸಾ ಕಾಯ್ಕೊ" ಎಂದಿದ್ದ. ಎಲ್ಲರೂ ನಕ್ಕರು. ನನ್ನ ಮಗಳೂ ನಕ್ಕಳು. ಅದನ್ನು ನಾನು ಮರೆಯಲಿಲ್ಲ.

ಈ ವರ್ಷ ಹಟ ಹಿಡಿದು ಎದುರು ತಂಡದ ನಾಯಕನಾದೆ. ಪಿಕ್ನಿಕ್ಕಿಗೆ ಮೊದಲೇ ವುಡ್‌ಬ್ರಿಡ್ಜಿನ ಅವನ ಮನೆಯ ಬೇಸ್‌ಮೆಂಟಿನಲ್ಲಿ ಇಬ್ಬರೂ ಸರದಿಯಂತೆ ಒಬ್ಬೊಬ್ಬರನ್ನು ಆರಿಸಿದೆವು. ಅವನ ತಲೆಯಲ್ಲಿ ಇನ್ನೂ ಕ್ರಿಕೆಟ್ಟೇ. ಸ್ಲಿಪ್ಪಿನಲ್ಲಿ ಕ್ಯಾಚ್ ಬಿಡದವರನ್ನೆಲ್ಲ ಬಾಚಿಕೊಂಡ. ನಾನು ದಪ್ಪಗಿನವರನ್ನೇ ಮೊದಲು ಕರೆದೆ. "ಇದೇನು ಫುಟ್‌ಬಾಲ್ ಟೀಮೋ, ಅಡುಗೆಭಟ್ರ ಟೀಮೋ?" ಎಂದು ಅವನು ನಕ್ಕ. ನಗಲಿ ಎಂದುಕೊಂಡೆ.

ನಮ್ಮ ಆಟದಲ್ಲಿ ಚೆಂಡು ಹಿಡಿದವನನ್ನು ಎದುರಾಳಿ ಎರಡೂ ಕೈಯಿಂದ ಮುಟ್ಟಿದರೆ ಆ ಸರದಿ ಮುಗಿಯಿತು. ಅದಕ್ಕೇ ಮುಂದೆ ಓಡುವ ಜೊತೆಗಾರರಿಗೆ ಚೆಂಡು ಎಸೆಯುವವನ ಮುಂದೆ ಗೋಡೆಯ ಹಾಗೆ ನಿಲ್ಲುವವರು ಬೇಕು. ಪಿಕ್ನಿಕ್ಕಿನ ದಿನ ನನ್ನ ದಪ್ಪಗಿನವರ ಹಿಂದೆ ನಮ್ಮ ಎಸೆತಗಾರನಿಗೆ ಬೂಟಿನ ಲೇಸು ಕಟ್ಟಿಕೊಳ್ಳುವಷ್ಟು ಪುರುಸೊತ್ತಿತ್ತು. ಎಸೆಯಲು ನಿಂತ ಗೆಳೆಯನ ಮುಂದೆ ಮಾತ್ರ ತಡೆಯುವವರೇ ಇರಲಿಲ್ಲ. ಅವನು ಕೈ ಎತ್ತುವ ಮೊದಲೇ ಪ್ರತಿ ಸಲವೂ ಹೋಗಿ ಹೆಗಲು ಮುಟ್ಟಿದೆ, ಬೇಕಾದ್ದಕ್ಕಿಂತ ತುಸು ಜೋರಾಗಿಯೇ. ದೂರದಲ್ಲಿ ಅವನ ಕ್ಯಾಚುಗಾರರು ಖಾಲಿ ಕೈ ಎತ್ತಿಕೊಂಡು ನಿಂತಿದ್ದರು.

ಸೋತ ಮೇಲೆ ಏದುಸಿರು ಬಿಡುತ್ತ ಅವನು ಕೂಲರಿನ ಪಕ್ಕ ಕುಸಿದು ಕೂತ. ಸಮೋಸಾ ಟ್ರೇಯನ್ನು ಅವನ ತೊಡೆಯ ಮೇಲಿಟ್ಟು, "ಕಾಯ್ಕೊಂಡಿರು, ನಾವು ಗೆದ್ದೋರು ಫೋಟೋ ತೆಗೆಸ್ಕೊಂಡು ಬರ್ತೀವಿ" ಎಂದೆ.

ಈ ಸಲ ನನ್ನ ಮಗಳೇ ಮೊದಲು ನಕ್ಕಳು.