ಅಪ್ಪ ತಾಳೆ ನೋಡಿದ ಲೆಕ್ಕ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ಬೆಂಗಳೂರಿನಲ್ಲಿ ಭೌತಶಾಸ್ತ್ರದ ಸಂಶೋಧಕನಾಗಿದ್ದೆ. ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆದಾಗ ಯಾವ ಕೋನದಲ್ಲಿ ಎಷ್ಟು ಚದುರುತ್ತವೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೆ ಪ್ರಯೋಗಶಾಲೆ ಬೇಕಿರಲಿಲ್ಲ. ಕಾಗದ, ಪೆನ್ಸಿಲು, ಲಾಗರಿದಮ್ ಪುಸ್ತಕ ಸಾಕಿತ್ತು. ಹಾಗಾಗಿ ಭಾನುವಾರ ದೇವನಹಳ್ಳಿಯ ಮನೆಗೂ ಲೆಕ್ಕ ನನ್ನ ಜೊತೆ ಬರುತ್ತಿತ್ತು.

ಅಪ್ಪ ನಿವೃತ್ತರಾದ ಶಾಲಾ ಮೇಷ್ಟರು. ಜಗುಲಿಯ ಮೇಲೆ ಸ್ಲೇಟು ಹಿಡಿದು ಕೂರುತ್ತಿದ್ದರು. ನಾನು ಅಂಕಿಗಳನ್ನು ಓದುತ್ತಿದ್ದೆ, ಅವರು ಬೇರೆಯಾಗಿ ಮಾಡಿ ತಾಳೆ ನೋಡುತ್ತಿದ್ದರು. ಇಬ್ಬರ ಉತ್ತರವೂ ಒಂದಾಗದೆ ಮುಂದಿನ ಸಾಲಿಗೆ ಹೋಗಲು ಬಿಡುತ್ತಿರಲಿಲ್ಲ.

ಒಮ್ಮೆ ಅಮ್ಮ ಕೇಳಿದಳು, "ಅಲ್ಲ ಕಣೋ, ಯಾತರದ್ದು ಇಷ್ಟುದ್ದ ಲೆಕ್ಕ?"

"ಎಲೆ ಮರೇಲಿರೋ ಚಕ್ಕೋತಕ್ಕೆ ಕಲ್ಲು ಹೊಡೀತೀವಿ ಅನ್ಕೋ. ಕಲ್ಲು ಯಾವ ಕಡೆ ಸಿಡೀತು ಅಂತ ನೋಡ್ಕೊಂಡು ಹಣ್ಣು ಎಷ್ಟು ದಪ್ಪ ಅಂತ ಹೇಳ್ಬೇಕು."

"ಮರ ಹತ್ತಿ ನೋಡಕ್ಕೇನು ದಾಡಿ?"

ಅಪ್ಪ ನಕ್ಕುಬಿಟ್ಟರು. "ಇವಳ ಕೈಗೆ ಕೊಟ್ಟಿದ್ರೆ ಇವತ್ತೇ ಮುಗೀತಿತ್ತು. ನೀನು ಓದಪ್ಪಾ." ಆಮೇಲೆ ಸ್ಲೇಟು ಒರೆಸುತ್ತಾ ಕೇಳಿದರು, "ಇದು ಅಚ್ಚಾಗತ್ತಲ್ವಾ?"

ಬದುಕೆಲ್ಲ ಮಕ್ಕಳ ಲೆಕ್ಕ ತಿದ್ದಿದವರು. ಯಾರೂ ಮಾಡದ ಲೆಕ್ಕವೊಂದು ಅವರ ಕೈಗೆ ಬಂದದ್ದು ಅದೇ ಮೊದಲು. ಆಗತ್ತೆ ಅಂದೆ.

ಯುದ್ಧದಿಂದಾಗಿ ಹೊರದೇಶದ ಪತ್ರಿಕೆಗಳು ಬರುವುದು ನಿಂತಿತ್ತು. ಯುದ್ಧ ಮುಗಿದ ಮೇಲೆ ಹಳೆಯ ಸಂಚಿಕೆಗಳು ಕಟ್ಟುಕಟ್ಟಾಗಿ ಬಂದವು. ಅವುಗಳಲ್ಲೊಂದರಲ್ಲಿ ನಮ್ಮ ಲೆಕ್ಕವಿತ್ತು. ಅವೇ ಕಣಗಳು, ಅವೇ ಕೋನಗಳು. ನಾವು ಶುರುಮಾಡುವ ಮೊದಲೇ ಯಾರೋ ಮುಗಿಸಿದ್ದರು. ನಾನು ನಿಂತಲ್ಲೇ ಪುಟವನ್ನು ಮತ್ತೆ ಮತ್ತೆ ಓದಿದೆ. ನಮ್ಮದನ್ನು ಇನ್ನು ಎಲ್ಲಿಗೆ ಕಳಿಸಿಯೂ ಪ್ರಯೋಜನವಿಲ್ಲವೆಂದು ನನ್ನ ಸಂಶೋಧನೆಯ ಮಾರ್ಗದರ್ಶಕರಾದ ಪ್ರೊಫೆಸರು ಮೆಲ್ಲಗೆ ಹೇಳಿದರು.

ಆ ಅಂಕಿಗಳನ್ನು ಬರೆದುಕೊಂಡು ಊರಿಗೆ ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಹೋಲಿಸಿದರು. ಕೊನೆಗೆ ಅವರ ಮುಖ ಅರಳಿತು.

"ಎಲ್ಲಾ ಸರಿಯಾಗಿದೆ ಕಣಪ್ಪಾ! ಒಂದೂ ತಪ್ಪಿಲ್ಲ. ನಮ್ಮದು ಯಾವಾಗ ಅಚ್ಚಾಗೋದು?"

"ಆಗಲ್ಲ ಅಪ್ಪಾ. ಅವರದ್ದು ಆಗ್ಹೋಗಿದೆ."

ಅವರು ಹಾಳೆಗಳ ಅಂಚು ಕೂಡಿಸಿ ನನ್ನ ಕೈಗಿಟ್ಟರು. "ಹೋಗ್ಲಿ ಬಿಡು. ಇನ್ನೊಂದು ತಗೊಂಡು ಬಾ."

ಇನ್ನೊಂದು ಇರಲಿಲ್ಲ. ಸಂಶೋಧನೆಯ ವೇತನ ಅಷ್ಟಕ್ಕೇ ನಿಂತಿತು. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ; ಕಣಗಳ ಕಡೆಗೆ ಮತ್ತೆ ಹೋಗಲಾಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಊರಿಗೆ ಹೋದ ಮೊದಲ ಭಾನುವಾರ, ಜಗುಲಿಯ ಮೇಲೆ ಒರೆಸಿಟ್ಟ ಸ್ಲೇಟಿತ್ತು, ಪಕ್ಕದಲ್ಲಿ ಹೊಸ ಬಳಪ. ಅಪ್ಪ ನನ್ನ ಚೀಲ ನೋಡಿದರು.

"ಏನು ತಂದಿದ್ದೀಯ?"

ಹುಡುಗರ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತೆಗೆದು ತೋರಿಸಿದೆ. ಅವರು ಮೇಲಿನ ಹಾಳೆಯತ್ತ ಬಗ್ಗಿ ನೋಡಿದರು. ಆಮೇಲೆ ಸ್ಲೇಟನ್ನು ಪಕ್ಕಕ್ಕೆ ಸರಿಸಿ ಕೈಚಾಚಿದರು.

"ಅರ್ಧ ನನಗೆ ಕೊಡು."