ಕಪಾಟು ಖಾಲಿ ಮಾಡಿದ ಆಯುಧಪೂಜೆ

ಆ ಬೆಂಕಿ ನಮ್ಮಿಂದ ವಸೂಲು ಮಾಡಿದ್ದು ಒಂದು ಮೂಗನ್ನು. ಮೇಜು, ತಕ್ಕಡಿ ಸುಟ್ಟಿದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ; ಅವನ್ನೆಲ್ಲ ಚೌಕಾಶಿ ಮಾಡಿ ಮತ್ತೆ ತಂದೆ. ಮೂಗು ಯಾವ ಅಂಗಡಿಯಲ್ಲಿ ಸಿಗುತ್ತದೆ? ಅದು ನನ್ನ ಅಕ್ಕನ ಗಂಡನದು.

ಹೆಬ್ಬಾಳದಲ್ಲಿ ನಮ್ಮದು ಅಗರಬತ್ತಿಗೆ ಸುಗಂಧ ಬೆರೆಸಿಕೊಡುವ ಸಣ್ಣ ಲ್ಯಾಬು. ಮಾರುವುದು ನಾನು, ಬೆರೆಸುವುದು ಭಾವ. ಹೆಕ್ಸೇನ್, ಸ್ಪಿರಿಟ್‌ನಂಥ ಬೇಗ ಹೊತ್ತಿಕೊಳ್ಳುವ ದ್ರವಗಳಿಗೆಂದೇ ದಪ್ಪ ಕಬ್ಬಿಣದ ಕಪಾಟು ತಂದಿದ್ದೆವು. ವರ್ಷವಿಡೀ ಅದರ ಬಾಗಿಲು ಹಾಕಿಯೇ ಇರುತ್ತಿತ್ತು. ಆಯುಧಪೂಜೆ ಬಂತು. ತಕ್ಕಡಿ, ಯಂತ್ರ, ಗಾಡಿ ಎಲ್ಲ ತೊಳೆದು ಕುಂಕುಮ ಇಡುವಾಗ ಕಪಾಟೊಂದನ್ನು ಬಿಡುವುದು ಹೇಗೆ? ಆ ದ್ರವಗಳ ಕ್ಯಾನುಗಳನ್ನೆಲ್ಲ ತೆಗೆದು ಮೇಜಿನ ಕೆಳಗಿಟ್ಟು, ಕಪಾಟನ್ನು ಒಳಗೂ ಹೊರಗೂ ತೊಳೆದೆವು. ದೀಪವನ್ನು ತಕ್ಕಡಿಯ ಮುಂದೆ ನೆಲದ ಮೇಲೆ ಇಟ್ಟಾಗಿತ್ತು.

“ಭಾವ, ಕ್ಯಾನ್ ಒಳಗಿಟ್ಬುಟ್ಟು ಆಮೇಲೆ ಹಚ್ಚಣ,” ಎಂದೆ.

“ಕಪಾಟು ಇನ್ನೂ ಒದ್ದೆ ಕಣೋ. ದೀಪ ಅಷ್ಟು ದೂರ ಇದೆಯಲ್ಲ, ಏನಾಗುತ್ತೆ? ದೇವ್ರ ಹತ್ರನೂ ಚೌಕಾಶಿ ಮಾಡ್ತೀಯಲ್ಲೋ!”

ಪೂಜೆಗೆಂದು ಬಂದಿದ್ದ ಅಕ್ಕ ನಕ್ಕಳು. ನಾನೂ ನಕ್ಕೆ.

ಒಂದು ಕ್ಯಾನಿನ ಮುಚ್ಚಳ ಸಡಿಲವಿತ್ತು. ಹೆಕ್ಸೇನಿನ ಆವಿ ಗಾಳಿಗಿಂತ ಭಾರ. ಮೇಲೇಳದೆ ನೆಲ ಹಿಡಿದು ಹರಿಯುತ್ತದೆ. ಭಾವ ಬಗ್ಗಿ ಬತ್ತಿಗೆ ಕಡ್ಡಿ ತಾಗಿಸಿದರು. ಬೆಂಕಿ ದೀಪದಿಂದ ಮೇಜಿನವರೆಗೆ ಭಗ್ಗನೆ ಓಡಿತು. ನಾನು ಗೋಡೆಯಲ್ಲಿದ್ದ ಅಗ್ನಿಶಾಮಕ ಪುಡಿಯ ಸಿಲಿಂಡರ್ ಕಿತ್ತು ಆರಿಸುವಷ್ಟರಲ್ಲಿ ಅವರು ಆ ಬಿಸಿಯನ್ನು ಉಸಿರಿನೊಂದಿಗೆ ಒಳಕ್ಕೆಳೆದುಕೊಂಡಾಗಿತ್ತು.

ಮುಖದ ಗಾಯ ಮಾಗಿತು. ವಾಸನೆ ಹಿಡಿಯುವ ಶಕ್ತಿ ಮಾತ್ರ ಹಿಂತಿರುಗಲಿಲ್ಲ. ಡಾಕ್ಟರು ಈಗ ಸುಮ್ಮನೆ ಧೈರ್ಯ ಹೇಳುವುದನ್ನೂ ಬಿಟ್ಟಿದ್ದಾರೆ. ಭಾವ ದಿನಾ ಲ್ಯಾಬಿಗೆ ಬರುತ್ತಾರೆ. ಸೀಸೆಯನ್ನು ಮೂಗಿಗೆ ಹಿಡಿದು, ಆಮೇಲೆ ನನ್ನ ಕಡೆ ಚಾಚಿ, “ಮಲ್ಲಿಗೆ ಜಾಸ್ತಿ ಆಯ್ತೇನೋ?” ಎನ್ನುತ್ತಾರೆ. ನನಗೇನು ತಿಳಿಯುತ್ತದೆ? “ಸರಿಯಾಗಿದೆ ಭಾವ,” ಎನ್ನುತ್ತೇನೆ. ಸರಕು ವಾಪಸು ಬರುತ್ತದೆ. ನಾನು ಹೇಳುವುದಿಲ್ಲ. ಅವರಿಗೆ ಗೊತ್ತು.

ನಿಮ್ಮಲ್ಲೂ ಇಂಥ ಲ್ಯಾಬಿದ್ದರೆ ಕೇಳಿ. ಹಬ್ಬಕ್ಕೆಂದು ಆ ಕಪಾಟು ಖಾಲಿ ಮಾಡಬೇಡಿ; ಮುಚ್ಚಿದ ಬಾಗಿಲ ಮೇಲೆಯೇ ಕುಂಕುಮ ಇಡಿ, ದೀಪವನ್ನು ಕಾಂಪೌಂಡಿನಲ್ಲಿ ದೂರ ಹಚ್ಚಿ. ಅಂದಿನ ಕೆಲಸಕ್ಕೆ ಬೇಕಾದಷ್ಟೇ ದ್ರವ ಹೊರತೆಗೆಯಿರಿ. ಮುಚ್ಚಳವನ್ನು ನೀವೇ ಇನ್ನೊಮ್ಮೆ ತಿರುಗಿಸಿ ನೋಡಿ. ಮನೆಬಳಕೆಯ ಫ್ರಿಜ್ಜಿನಲ್ಲಂತೂ ಇವನ್ನು ಇಡಲೇಬೇಡಿ, ಅದರೊಳಗೂ ಕಿಡಿ ಹುಟ್ಟುತ್ತದೆ. ಯಾರೇ ಆತುರಪಡಿಸಲಿ, ಕೊನೆಯ ಕ್ಯಾನು ಒಳಗೆ ಸೇರುವವರೆಗೆ ಬೆಂಕಿಪೊಟ್ಟಣ ನಿಮ್ಮ ಜೇಬಿನಲ್ಲೇ ಇರಲಿ.