ಐದನೆಯ ಸಹಿ

ಉಳಿಯಣ್ಣ ಕೂತಲ್ಲಿ ನಿಂತಲ್ಲಿ ಮರದ ಬಗ್ಗೆಯೇ ಮಾತಾಡುವ ಮನುಷ್ಯ. ಮನೆಯ ಹಿಂಬದಿಗೆ ತಗಡು ಹೊದಿಸಿದ ಉದ್ದನೆಯ ಕೋಣೆಯೇ ಅವನ ಕಾರ್ಖಾನೆ. ಗೋಡೆಗೆ ಸಾಲಾಗಿ ತೂಗುಹಾಕಿದ ಉಳಿಗಳು, ಕಿಟಕಿಯ ಕೆಳಗೆ ಕೆಲಸದ ಮೇಜು, ಮೂಲೆಯಲ್ಲಿ ಅಂಟಿನ ಡಬ್ಬಿ, ನೆಲದ ತುಂಬ ಮರದ ಹೊಟ್ಟು. "ಬೇರೆಯವರ ತಲೇಲಿ ಹೊಟ್ಟಿದ್ರೆ ಎಣ್ಣೆ ಹಚ್ಚಬಹುದು, ನಿಮ್ಮ ತಲೆಗೆ ಪೊರಕೆನೇ ಬೇಕು" ಎಂದು ಹೆಂಡತಿ ಆಡಿಕೊಳ್ಳುವಳು.

ಚರ್ಚಿನ ಇಪ್ಪತ್ತೆರಡು ಬೆಂಚುಗಳೂ ಅವನ ಕೈಯಲ್ಲೇ ಆದವು. ಯಾವ ಬೆಂಚು ಯಾರ ಭಾರಕ್ಕೆ ಕಿರುಗುಟ್ಟುತ್ತದೆ ಎಂಬುದು ಅವನಿಗೆ ಬಾಯಿಪಾಠ. ಭಾನುವಾರದ ಬೋಧನೆ, ಅಂದರೆ ಪ್ರಸಂಗ, ಉದ್ದವಾದ ದಿನ ಆ ಸದ್ದಿನ ಮೇಲೇ ಜನರ ತಾಳ್ಮೆಯನ್ನು ಅಳೆಯುತ್ತಿದ್ದ. ನಲವತ್ತೈದು ತುಂಬುವಷ್ಟರಲ್ಲಿ ಅವನನ್ನು ಚರ್ಚಿನ ಸಭೆಯ ಆಡಳಿತ ನೋಡುವ ಹಿರಿಯನನ್ನಾಗಿ ಆರಿಸಿದರು. ಐದು ಮಂದಿ ಹಿರಿಯರಲ್ಲಿ ಅವನೇ ಕಿರಿಯ.

ಸಭೆಯವರು ಪಾಸ್ಟರನ್ನು ಅಯ್ಯನವರು ಎನ್ನುತ್ತಿದ್ದರು. ಆಗ ಇದ್ದ ಅಯ್ಯನವರು ಸಣಕಲು ಆಳು, ನಡೆದರೆ ಗಾಳಿಗೆ ಹಾರಿಹೋದಾರು ಅನ್ನಿಸುವಂಥವರು. ಯಾರ ಮನೆಯಲ್ಲಿ ಜ್ವರವೆಂದರೂ ಸೈಕಲ್ ಏರಿ ಬರುವರು, ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥಿಸುವರು, ಕೊಟ್ಟ ಚಹಾವನ್ನು ಸಕ್ಕರೆ ಬೇಡವೆಂದು ಕುಡಿದು ಎದ್ದು ಹೋಗುವರು. ತಮ್ಮ ಕಷ್ಟಸುಖವನ್ನು ಅವರು ಯಾರ ಮುಂದೆಯೂ ಹೇಳಿದವರಲ್ಲ. ಯಾರೂ ಕೇಳಿದ್ದೂ ಇಲ್ಲ. ದೇವರಿಗೆ ಅಷ್ಟು ಹತ್ತಿರ ಇರುವವರಿಗೆ ಕಷ್ಟವಾದರೂ ಏನು ಎಂದು ಎಲ್ಲರೂ ಅಂದುಕೊಂಡಿದ್ದರು.

ಆ ವರ್ಷ ಉಳಿಯಣ್ಣನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ನಿಗೆ ಒಂದು ಮಂಗಳವಾರ ನಿಗದಿಯಾಯಿತು. "ಒಳಗೆ ಕರ್ಕೊಂಡು ಹೋಗೋ ಮುಂಚೆ ನಾನು ಬಂದಿರ್ತೀನಿ" ಎಂದು ಅಯ್ಯನವರು ಮಾತು ಕೊಟ್ಟರು. ಆ ಬೆಳಿಗ್ಗೆ ಆಸ್ಪತ್ರೆಯ ಓಣಿಯಂಥ ಮೊಗಸಾಲೆಯಲ್ಲಿ, ಕಬ್ಬಿಣದ ಕುರ್ಚಿಯ ಮೇಲೆ ಕೂತು ಉಳಿಯಣ್ಣ ಬಾಗಿಲನ್ನೇ ನೋಡಿದ. ಹೆಂಡತಿಯ ಗಾಲಿಮಂಚ ಒಳಗೆ ಹೋಯಿತು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಅಯ್ಯನವರು ಬರಲಿಲ್ಲ. ಹೆಂಡತಿ ಬದುಕಿ ಬಂದಳು. ಆದರೆ ಅವನ ಹೊಟ್ಟೆಯೊಳಗೆ ಆ ಕಾಯುವಿಕೆ ಕೆಂಡವಾಗಿ ಕೂತಿತು.

ಮೂರನೆಯ ದಿನ ಜವಳಿ ಅಂಗಡಿಯ ಯಜಮಾನ, ಹಿರಿಯರಲ್ಲಿ ದೊಡ್ಡವನು, ಒಂದು ಕಾಗದ ಹಿಡಿದು ಕಾರ್ಖಾನೆಗೆ ಬಂದ. ಮಂಗಳವಾರ ಬೆಳಿಗ್ಗೆ ಅಯ್ಯನವರು ಪೇಟೆ ಬೀದಿಯಲ್ಲಿ ಕುಡಿದು ತೂರಾಡುತ್ತಿದ್ದರು, ಬಾಯಿಗೆ ಬಂದದ್ದು ತೊದಲಿ ಚರಂಡಿಯ ಪಕ್ಕ ಬಿದ್ದರು, ಇದನ್ನು ಕೆಳಗೆ ಸಹಿ ಮಾಡಿದವರು ಕಣ್ಣಾರೆ ಕಂಡಿದ್ದೇವೆ ಎಂದು ಅದರಲ್ಲಿ ಬರೆದಿತ್ತು. ಅದು ಪಾಸ್ಟರುಗಳನ್ನು ನೇಮಿಸುವ ಮೇಲಿನ ಕಚೇರಿಗೆ ಹೋಗುವ ಕಾಗದ. ಆಗಲೇ ನಾಲ್ಕು ಸಹಿ ಬಿದ್ದಿದ್ದವು.

"ನಾನು ನೋಡಿಲ್ವಲ್ಲ" ಎಂದ ಉಳಿಯಣ್ಣ.

"ನಾನು ನೋಡಿದೀನಿ. ನಾನು ನೋಡಿದ್ರೂ ಒಂದೇ, ನೀನು ನೋಡಿದ್ರೂ ಒಂದೇ. ನಿನ್ನ ಹೆಂಡತಿ ಕತ್ತಿ ಕೆಳಗೆ ಮಲಗಿದ್ದಾಗ ಬಂದ್ರಾ ಆ ಮನುಷ್ಯ? ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯ್ತಲ್ಲ."

ಉಳಿಯಣ್ಣ ಕಿವಿಯ ಸಂದಿನ ಪೆನ್ಸಿಲ್ ತೆಗೆದ. ಯಜಮಾನ ನಕ್ಕು ತನ್ನ ಪೆನ್ನು ಕೊಟ್ಟ.

ವಿಷಯ ತಿಳಿದಾಗ ಹೆಂಡತಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಎದ್ದು ಕೂತಳು. "ಮಂಗಳವಾರ ಪೂರ್ತಿ ನೀವು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಯಾವ ಕಣ್ಣಲ್ಲಿ ನೋಡಿದ್ರಿ?" ಮೇಲಿನ ಕಚೇರಿಯವರು ಚರ್ಚಿನಲ್ಲಿ ನಡೆಸಿದ ವಿಚಾರಣೆಯ ದಿನ ಅಯ್ಯನವರೂ ಅದನ್ನೇ ಕೇಳಿದರು, "ನೀವೂ ನೋಡಿದ್ರಾ?" ಎಂದು. ಉಳಿಯಣ್ಣ ತಾನು ಮಾಡಿದ ಬೆಂಚಿನ ಕಾಲನ್ನು ನೋಡುತ್ತ ಕೂತ. ತಿಂಗಳೊಳಗೆ ಅಯ್ಯನವರ ಸಂಸಾರ ಚರ್ಚಿನ ಮನೆ ಖಾಲಿ ಮಾಡಿತು. ಸಾಮಾನಿನ ಗಾಡಿಗೆ ಕೈ ಹಚ್ಚಲು ಸಭೆಯಿಂದ ಒಬ್ಬರೂ ಹೋಗಲಿಲ್ಲ.

ಹನ್ನೆರಡು ವರ್ಷ ಕಳೆದವು. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುತ್ತಾರೆ. ಉಳಿಯಣ್ಣನೂ ಮರೆತವನಂತೆಯೇ ಇದ್ದ.

ಮೊದಲು ನಡುಗಿದ್ದು ಬಲಗೈ ಹೆಬ್ಬೆರಳು. ಆಮೇಲೆ ಕೈ ಪೂರ್ತಿ. ಗೆರೆ ಎಳೆದ ಕಡೆ ಗರಗಸ ಕೂರದೆ ಹೋಯಿತು. ಕಾಲುಗಳು ಹೇಳಿದ ಮಾತು ಕೇಳದೆ ಗಳಿಗೆಗೊಮ್ಮೆ ನೆಲಕ್ಕೆ ಅಂಟಿಕೊಳ್ಳತೊಡಗಿದವು. ನಾಲಿಗೆ ದಪ್ಪಗಾಯಿತು. ಇದು ನರದ ರೋಗ, ತಡೆಯಬಹುದು, ಹಿಂದಕ್ಕೆ ತರಲಾಗದು ಎಂದರು ಡಾಕ್ಟರು. ಒಂದು ಬೆಳಿಗ್ಗೆ ಮೊಳೆ ತರಲು ಹೋದವನು ಅಂಗಡಿಯ ಮೆಟ್ಟಿಲಲ್ಲಿ ಮುಗ್ಗರಿಸಿದ. ಒಂದೂವರೆ ಇಂಚಿನದು ಎನ್ನಲು ಹೋಗಿ ಬರೀ ಮೊದಲಕ್ಷರದಲ್ಲೇ ಸಿಕ್ಕಿಹಾಕಿಕೊಂಡ. ಗಲ್ಲಾದ ಹಿಂದಿನವನು ಪಕ್ಕದ ಗಿರಾಕಿಗೆ ಮೆಲ್ಲಗೆ ಹೇಳಿದ, "ಬೆಳಗಾಗೋದ್ರೊಳಗೆ ಏರಿಸ್ಕೊಂಡು ಬಂದಿದೆ ನೋಡಿ, ದೊಡ್ಡ ಮನುಷ್ಯ."

ಉಳಿಯಣ್ಣ ಮೊಳೆ ಕೊಳ್ಳದೆ ಮನೆಗೆ ಬಂದ. ಹೆಂಡತಿ ಏನಾಯಿತೆಂದು ಕೇಳಿದಳು. ಅಂಗಡಿಯವನ ಮಾತು ಹೇಳಿ ಅವನು ಕೇಳಿದ, "ಅಯ್ಯನವರಿಗೂ ಹೀಗೇ ಏನಾದ್ರೂ ಇತ್ತಾ?"

"ಹನ್ನೆರಡು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು" ಎಂದಳು ಅವಳು.

ಅಲ್ಲಿಂದ ಅವನಿಗೆ ಒಂದೇ ಹಟ. ನಾಲಿಗೆ ಪೂರ್ತಿ ಬಿದ್ದುಹೋಗುವ ಮೊದಲು ಆ ಮನುಷ್ಯ ಸಿಗಬೇಕು. ಮೇಲಿನ ಕಚೇರಿಯಲ್ಲಿ ವಿಳಾಸ ಇಲ್ಲವೆಂದರು. ಅವರು ಹಿಂದೆ ಇದ್ದ ಸಭೆಗಳಿಗೆ ಹೆಂಡತಿಯ ಕೈಯಲ್ಲಿ ಕಾಗದ ಬರೆಸಿದ, ಉತ್ತರ ಬರಲಿಲ್ಲ. ರಾತ್ರಿಯ ನಿದ್ದೆ ಹೋಯಿತು, ಹಗಲಿನ ಊಟ ಸೇರದಾಯಿತು. "ಹೀಗೆ ಹುಡುಕ್ತಾ ನೀವೇ ಕಳೆದುಹೋಗ್ತೀರಿ" ಎಂದು ಹೆಂಡತಿ ಬೈದಳು, ಬೈಯುತ್ತಲೇ ಜೊತೆಗೆ ಅಲೆದಳು. ಎಂಟು ತಿಂಗಳಾದ ಮೇಲೆ, ಚರ್ಚಿನ ಆರ್ಗನ್ ರಿಪೇರಿಗೆ ಬರುತ್ತಿದ್ದವನು ಒಂದು ಸುಳಿವು ಕೊಟ್ಟ. ದೂರದ ಪಟ್ಟಣದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅವರನ್ನು ಕಂಡಿದ್ದೆ ಎಂದ.

ಮೂರು ಬಸ್ಸು ಬದಲಿಸಿ ಇಬ್ಬರೂ ಹೋದರು. ಉಗ್ರಾಣದ ಕೊನೆಯಲ್ಲಿ, ಸೂರಿನವರೆಗೆ ಪೇರಿಸಿದ ರಟ್ಟಿನ ನಡುವೆ, ಅಯ್ಯನವರು ಪೆಟ್ಟಿಗೆಗಳ ತಳಕ್ಕೆ ಅಂಟುಪಟ್ಟಿ ಎಳೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಡಗಾಲಿನ ಎರಡು ಬೆರಳಿರಲಿಲ್ಲ. ಗುರುತು ಹಿಡಿದರು, ಆದರೆ ಏಳಲಿಲ್ಲ.

ಉಳಿಯಣ್ಣ ದಾರಿಯುದ್ದ ಕಂಠಪಾಠ ಮಾಡಿದ್ದ ಮಾತಿನಲ್ಲಿ "ಸಹಿ... ನಾನು ನೋಡಿರಲಿಲ್ಲ" ಎಂದಷ್ಟೇ ಹೊರಟಿತು.

"ಗೊತ್ತು" ಎಂದರು ಅಯ್ಯನವರು. "ನೀವು ಎಲ್ಲಿದ್ರಿ ಅಂತ ನನಗೆ ಗೊತ್ತಿತ್ತು. ನಾನೂ ಅಲ್ಲಿಗೇ ಹೊರಟಿದ್ದೆ."

ಅಂಟುಪಟ್ಟಿ ಕೆಳಗಿಟ್ಟು ಅವರು ಹೇಳಿದರು. ಅವರಿಗೆ ಆಗಲೇ ಸಕ್ಕರೆ ಕಾಯಿಲೆ ಇತ್ತು, ದಿನಾ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿದ್ದರು. ಆಪರೇಷನ್ ಚೆನ್ನಾಗಿ ಆಗಲೆಂದು ಹಿಂದಿನ ಮಧ್ಯಾಹ್ನದಿಂದ ಉಪವಾಸವಿದ್ದರು. ಬೆಳಿಗ್ಗೆ ಮಾಮೂಲಿನಂತೆ ಇಂಜೆಕ್ಷನ್ ತೆಗೆದುಕೊಂಡು ಸೈಕಲ್ ಏರಿದರು. ಪೇಟೆ ಬೀದಿಗೆ ಬರುವಷ್ಟರಲ್ಲಿ ಸಕ್ಕರೆ ಇಳಿದು ಕಣ್ಣು ಕತ್ತಲಾಯಿತು, ಮಾತು ತೊದಲಿತು, ಬಿದ್ದರು.

ಉಳಿಯಣ್ಣನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ರಟ್ಟಿನ ಮೇಲೆ ಕುಸಿದಳು. "ನನಗೋಸ್ಕರನಾ?" ಎಂದಳು. ಅವರು ಹೌದೆಂದು ತಲೆಯಾಡಿಸಿದರು.

"ಯಾಕೆ ಹೇಳಲಿಲ್ಲ, ಅಯ್ಯನವರೇ? ವಿಚಾರಣೆ ದಿನ ಒಂದು ಮಾತು ಹೇಳಿದ್ರೆ..." ಎಂದಳು ಅವಳೇ ಮತ್ತೆ.

"ಅದು ನನ್ನ ತಪ್ಪು. ಸಭೆಗೆ ನಾನು ಯಾವತ್ತೂ ನನ್ನ ಮೈ ಬಗ್ಗೆ ಹೇಳಲಿಲ್ಲ. ಬೇರೆಯವರ ಕಾಯಿಲೆಗೆ ಪ್ರಾರ್ಥನೆ ಮಾಡೋನಿಗೇ ಕಾಯಿಲೆ ಅಂದ್ರೆ ಜನ ಏನಂತಾರೋ ಅನ್ನೋ ಅಹಂಕಾರ. ನಿಮ್ಮೆಲ್ಲರ ಭಾರ ಹೊತ್ತೆ, ನನ್ನ ಭಾರದ ಒಂದು ಮೂಲೆ ಹಿಡೀರಿ ಅಂತ ಯಾರನ್ನೂ ಕೇಳಲಿಲ್ಲ. ವಿಚಾರಣೆ ಆದ್ಮೇಲೆ ಮೇಲಿನ ಕಚೇರಿಯವರ ಹತ್ರ ಬಾಯಿ ಬಿಟ್ಟಾಗ ಕಾಲ ಮಿಂಚಿತ್ತು, ನೆಪ ಹೇಳ್ತಾನೆ ಅಂದ್ರು." ಅಂಟುಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡು ಮುಂದುವರಿಸಿದರು. "ಆದ್ರೆ ನನ್ನ ತಪ್ಪಿಗೆ ನಿಮ್ಮ ತಪ್ಪು ವಜಾ ಆಗಲ್ಲ. ನನ್ನ ಹೆಂಡತಿ ಆ ಅವಮಾನದಲ್ಲೇ ಹೋದ್ಲು. ಮಗಳು ಇವತ್ತಿಗೂ ಅಪ್ಪ ಕುಡೀತಿದ್ದ ಅಂತ ನಂಬಿದಾಳೆ. ಒಬ್ಬರಲ್ಲ ಇಬ್ಬರಲ್ಲ, ಐದು ಜನ ಹಿರಿಯರು ಸುಳ್ಳು ಬರೀತಾರಾ ಅಂದ್ಲು. ಮನೆಗೆ ಬರೋದು ಬಿಟ್ಟು ಒಂಬತ್ತು ವರ್ಷ."

ಉಳಿಯಣ್ಣ ಅವರ ಕಾಲಿನತ್ತ ಬಗ್ಗಲು ಹೋದ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಬೇಡ. ನನ್ನ ಮುಂದೆ ಅತ್ತು ಹಗುರಾಗಿ ಹೋಗ್ಬೇಡಿ. ಸುಳ್ಳು ಎಲ್ಲಿ ಹೇಳಿದ್ರೋ ನಿಜಾನೂ ಅಲ್ಲೇ ಹೇಳಿ."

ಮುಂದಿನ ಭಾನುವಾರ, ಪ್ರಸಂಗಕ್ಕೆ ಮೊದಲು, ಉಳಿಯಣ್ಣ ಹೆಂಡತಿಯ ಭುಜ ಹಿಡಿದು ಎದ್ದು ನಿಂತ. ಈಗಿನ ಅಯ್ಯನವರು ಚಿಕ್ಕ ವಯಸ್ಸಿನವರು, ಮಾತಾಡಿ ಎಂದರು. ಅವನು ತೊದಲುತ್ತ, ತಡವರಿಸುತ್ತ ಎಲ್ಲವನ್ನೂ ಹೇಳಿದ. ಒಂದೊಂದು ವಾಕ್ಯವೂ ಬೆಟ್ಟ ಹತ್ತಿದಂತೆ. ಅವನು ಮುಗಿಸಿದಾಗ ಒಂದು ಬೆಂಚೂ ಕಿರುಗುಟ್ಟಲಿಲ್ಲ. ಆಗ ಮುಂದಿನ ಸಾಲಿನಿಂದ ಜವಳಿ ಅಂಗಡಿಯ ಯಜಮಾನ ಎದ್ದ.

"ಪಾಪ, ರೋಗ ತಲೆಗೇರಿದೆ. ಏನೇನೋ ನೆನಪಾಗ್ತಿದೆ. ಸಹೋದರ ಗುಣ ಆಗ್ಲಿ ಅಂತ ಎಲ್ಲರೂ ತಲೆಬಾಗಿ ಪ್ರಾರ್ಥನೆ ಮಾಡೋಣ."

ಎಲ್ಲರೂ ತಲೆಬಾಗಿದರು. ಉಳಿಯಣ್ಣ ನಿಂತೇ ಇದ್ದ. ಅವನ ತಪ್ಪೊಪ್ಪಿಗೆಯ ಮೇಲೆ ಅವನದೇ ಆರೋಗ್ಯದ ಪ್ರಾರ್ಥನೆಯನ್ನು ಕಂಬಳಿಯಂತೆ ಹೊದಿಸಿ ಮುಚ್ಚಿಬಿಟ್ಟರು. ತಿಂಗಳೊಳಗೆ ಅವನನ್ನು ಹಿರಿಯರ ಪಟ್ಟಿಯಿಂದ, ವಿಶ್ರಾಂತಿಗಾಗಿ ಎಂದು, ಕೈಬಿಟ್ಟರು.

ಆದರೆ ಆ ಭಾನುವಾರದ ಮರುದಿನವೇ ಚಿಕ್ಕ ಅಯ್ಯನವರು ಮಾತ್ರ ಕಾರ್ಖಾನೆಗೆ ಬಂದರು. ಕೆಲಸದ ಮೇಜಿಗೆ ಒರಗಿ, ಹೊಟ್ಟನ್ನು ಚಪ್ಪಲಿಯಲ್ಲಿ ಕೆದಕುತ್ತ ನಿಂತರು. "ನಿನ್ನೆ ನಾನು ಬಾಯಿ ಬಿಡಬೇಕಿತ್ತು" ಎಂದರು. "ಹೆದರಿದೆ. ನನ್ನ ಮೇಲೂ ಅಂಥದ್ದೇ ಕಾಗದ ಹೋದ್ರೆ? ಎಂಟು ತಿಂಗಳಿಂದ ನನಗೆ ನಿದ್ದೆ ಇಲ್ಲ. ಮಾತ್ರೆ ನುಂಗಿ ಪ್ರಸಂಗ ಮಾಡ್ತಿದೀನಿ. ಯಾರಿಗೂ ಹೇಳಿಲ್ಲ."

"ನಮಗೆ ಹೇಳಿದ್ರಲ್ಲ" ಎಂದಳು ಉಳಿಯಣ್ಣನ ಹೆಂಡತಿ. "ಮೊದಲು ಕೂತ್ಕೊಳಿ. ಊಟ ಮಾಡಿದ್ರಾ?" ಅವರು ಇಲ್ಲವೆಂದರು. ಅವಳು ಒಳಗಿನಿಂದ ತಟ್ಟೆ ತಂದಳು.

ಉಳಿದದ್ದು ಹಳೆಯ ಅಯ್ಯನವರ ಆ ಮಗಳು. ಅವಳು ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡ ಹೆಂಡತಿ ಹೋಗಿ ಗಿರಾಕಿಗಳ ಸಾಲಿನಲ್ಲೇ ನಿಂತರು. ಅವನ ಮಾತು ಅಷ್ಟರಲ್ಲಿ ಹತ್ತಕ್ಕೆ ನಾಲ್ಕು ಮಾತ್ರ ತಿಳಿಯುತ್ತಿತ್ತು, ಮಿಕ್ಕಿದ್ದನ್ನು ಹೆಂಡತಿ ಹೇಳಿದಳು. ಮಗಳು ಕೈಯಲ್ಲಿದ್ದ ಮಾತ್ರೆಯ ಹಾಳೆಯನ್ನು ಕತ್ತರಿಸುವುದನ್ನು ಅರ್ಧಕ್ಕೆ ನಿಲ್ಲಿಸಿದಳು.

"ದಿನಾ ಬೆಳಿಗ್ಗೆ ನಾನು ಜನಕ್ಕೆ ಹೇಳೋದೇ ಇದು" ಎಂದಳು. "ಇಂಜೆಕ್ಷನ್ ತಗೊಂಡು ಹಸಿದುಕೊಂಡಿರ್ಬೇಡಿ, ಕುಡಿದವರ ಹಾಗೆ ಬೀಳ್ತೀರಿ ಅಂತ. ಅಪ್ಪನೂ ಇದನ್ನೇ ಹೇಳಿದ್ರು. ಕೇಳೋ ಹೊತ್ತಲ್ಲಿ ನಾನು ಬಾಗಿಲು ಹಾಕ್ಕೊಂಡೆ." ಅವಳು ಅಳಲಿಲ್ಲ. "ಈಗ ಬಂದು ಹೇಳಿದ್ರಲ್ಲ, ಈ ಒಂಬತ್ತು ವರ್ಷ ನಾನು ಎಲ್ಲಿಡ್ಲಿ? ಹೋಗಿ. ದಯವಿಟ್ಟು ಹೋಗಿ ನೀವು."

ಆ ಬಳಿಕ ಉಳಿಯಣ್ಣ ಹಾಸಿಗೆ ಹಿಡಿದ. ಚಿಕ್ಕ ಅಯ್ಯನವರು ವಾರಕ್ಕೆರಡು ಸಲ ಬಂದು ಮಗ್ಗುಲು ಬದಲಿಸಲು ಕೈ ಕೊಡುತ್ತಿದ್ದರು. ಸಭೆಯಿಂದ ಬೇರೆ ಯಾರೂ ಬರುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಒಂದು ಕಾಗದ ಬಂತು, ರಟ್ಟಿನ ಕಾರ್ಖಾನೆಯಿಂದ. ಹೆಂಡತಿ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ಮಗಳು ಬಂದಿದ್ದಳು. ಗೇಟಿನ ಹತ್ತಿರ ಅರ್ಧ ಗಂಟೆ ನಿಂತಿದ್ದೆವು. ಇಬ್ಬರಿಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ಹೊರಡುವಾಗ ನನ್ನ ಕಾಲು ನೋಡಿದಳು. ಮತ್ತೆ ಬರುತ್ತಾಳೋ ಇಲ್ಲವೋ ತಿಳಿಯದು."

ಉಳಿಯಣ್ಣ ಇನ್ನೂ ಕೇಳುವವನಂತೆ ಅವಳ ಮುಖವನ್ನೇ ನೋಡಿದ. ಅವನಿಗೆ ಬೇಕಾಗಿದ್ದ ಕ್ಷಮೆಯ ಒಂದು ಮಾತು ಅದರಲ್ಲಿರಲಿಲ್ಲ. ತುಟಿ ಬಹಳ ಹೊತ್ತು ಅಲುಗಿ, ಕೊನೆಗೆ ಒಂದು ಶಬ್ದ ಹೊರಬಂತು. "ಹಿಂದೆ?"

ಅವಳು ಕಾಗದವನ್ನು ತಿರುಗಿಸಿ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಕಾಗದ ಮಡಿಚಿಟ್ಟು, ಅವಳು ಅವನ ನಡುಗುವ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು ಅದುಮಿ ಹಿಡಿದಳು.